ಪೀಪಾಯಿಯ ಮೇಲಿನ ಹೆಸರು

ಹಾರ್ಲೋ ಪೇಟೆಗೆ ರೈಲು ಬರುವುದಕ್ಕೆ ಮುಂಚಿನಿಂದಲೂ, ಇಪ್ಪತ್ತೆರಡು ವರ್ಷ, ಕೆಜಾಯ ಫಿಚ್ ಅಮೆರಿಕದ ಕನೆಕ್ಟಿಕಟ್ ಸೀಮೆಯ ಊರುಗಳನ್ನು ಮುದ್ರಣಕ್ಕಾಗಿ ಮರದಲ್ಲಿ ಕೊರೆದಳು. ಮರಳು ತುಂಬಿದ ತೊಗಲುದಿಂಬಿನ ಮೇಲೆ ಅಚ್ಚುಮರವನ್ನಿಟ್ಟು, ಅದನ್ನು ತಿರುಗಿಸುತ್ತ ತಿರುಗಿಸುತ್ತ, ಕೂದಲೆಳೆಯಂಥ ಗೆರೆಗಳಲ್ಲಿ ಚರ್ಚು, ಸೇತುವೆ, ಸಾಲುಮರಗಳನ್ನು ಮೂಡಿಸುತ್ತಿದ್ದಳು. ಆ ಚಿತ್ರಗಳು ಕಾಗದದ ಮೇಲೆ ಅಚ್ಚಾಗಿ ಎಷ್ಟೋ ಮನೆಗಳ ಗೋಡೆಯೇರಿದವು. ಕೆಳಗಿನ ಮೂಲೆಯಲ್ಲಿ ಮಾತ್ರ ಮೊದಲು ಅಪ್ಪನ ಹೆಸರು, ಅವನು ಸತ್ತ ಮೇಲೆ ಅಣ್ಣನ ಹೆಸರು. ಅಣ್ಣನಿಗೋ ಉಳಿಯ ಯಾವ ತುದಿ ಚೂಪೆಂಬುದೂ ತಿಳಿಯದು.

ಸ್ವಂತ ಊರನ್ನೇ ಕೊರೆಯುವ ಕೆಲಸ ಬಂದಾಗ ಅವಳು ಪಟ್ಟು ಹಿಡಿದಳು: ಈ ಸಲ ನನ್ನ ಹೆಸರೇ.

ಮಾಡಿಸುತ್ತಿದ್ದವರು ಚರ್ಚಿನ ಹಿರಿಯರೂ ದಿನಸಿ ಅಂಗಡಿಯ ಯಜಮಾನರೂ ಆದ ಅಸಾಹೆಲ್ ಬ್ರಾನ್ಸನ್. ದೇವರು ತಮ್ಮ ಸಲಹೆ ಕೇಳಿಯೇ ಹಾರ್ಲೋವನ್ನು ಸೃಷ್ಟಿಸಿದನೆಂಬ ಠೀವಿ ಅವರದು.

“ಹೆಂಗಸಿನ ಹೆಸರಾ? ಚರ್ಚಿರೋ ಚಿತ್ರದಲ್ಲಾ? ನೋಡಿದೋರು ಏನಂದ್ಕೋತಾರೆ ಕೆಜಾಯಮ್ಮ?”

“ಕೊರೆದೋಳು ಕೆಜಾಯ ಅಂದ್ಕೋತಾರೆ, ಬ್ರಾನ್ಸನ್ನೋರೇ.”

“ಬೇಡ ಅಂದ್ರೆ ಬೇಡ. ನನ್ನ ಅಂಗಡೀನ ಮುಂದಕ್ಕೆ ತಗೊಂಬಾ. ಬೋರ್ಡು ಓದೋ ಹಾಗಿರ್ಲಿ. ಅದರ ಕೆಳಗೆ ಒಂದ್ನಾಲ್ಕು ಪೀಪಾಯಿ ಇಡು, ವ್ಯಾಪಾರ ಜೋರು ಅಂತ ಕಾಣ್ಲಿ.”

“ಪೀಪಾಯಿ ಇಡ್ತೀನಿ,” ಎಂದಳು ಕೆಜಾಯ.

ಕೆಲಸ ಮುಗಿದ ದಿನ ಬ್ರಾನ್ಸನ್ ಕನ್ನಡಕ ಏರಿಸಿಕೊಂಡು ಬಂದರು. ಅಚ್ಚುಮರದಲ್ಲಿ ಎಲ್ಲವೂ ಎಡಬಲ ಅದಲುಬದಲು; ಅಕ್ಷರಗಳೂ ತಿರುಗುಮುರುಗು. ಅವಳು ಕನ್ನಡಿ ಚಾಚಿದಳು.

“ನಂಗ್ಯಾಕೆ ಕನ್ನಡಿ? ಇಂಥಾವು ನೂರು ನೋಡಿದೀನಿ,” ಎಂದು ಗಂಭೀರವಾಗಿ ತಲೆದೂಗಿ ಒಪ್ಪಿಗೆ ಕೊಟ್ಟರು.

ಮುದ್ರಣವಾದ ಮೊದಲ ಹಾಳೆ ಅಂಗಡಿಗೆ ಬಂತು. ಊರೇ ಬಗ್ಗಿ ನೋಡಿತು. ಮುಂದಿನ ಪೀಪಾಯಿಯ ಮೇಲೆ, ಹಿಟ್ಟಿನ ಗಿರಣಿಯವರು ತಮ್ಮ ಹೆಸರು ಒತ್ತುವ ಜಾಗದಲ್ಲಿ, ಸ್ಪಷ್ಟವಾಗಿ: ಕೆ. ಫಿಚ್.

“ಕೆತ್ತಿ ತೆಗಿ ಅದನ್ನ!” ಎಂದು ಬ್ರಾನ್ಸನ್ ಕೆಜಾಯಳ ಮೇಲೆ ಗುಡುಗಿದರು.

“ತೆಗೀಬಹುದು. ಕೆತ್ತಿದ ಕಡೆ ಮಸಿ ಹತ್ತಲ್ಲ, ನಿಮ್ಮ ಬಾಗಿಲಲ್ಲೇ ಬೆಳ್ಳಗೆ ತೂತು ಕಾಣತ್ತೆ. ಅಷ್ಟು ಭಾಗ ಕತ್ತರಿಸಿ ಬೇರೆ ಮರದ ತುಂಡು ಕೂರಿಸೋಣ ಅಂದ್ರೆ, ಮೇಲೇ ಇರೋ ನಿಮ್ಮ ಬೋರ್ಡೂ ಅದರ ಜೊತೆಗೇ ಹೋಗತ್ತೆ.”

ಬ್ರಾನ್ಸನ್ ಪೀಪಾಯಿ ನೋಡಿದರು. ಬೋರ್ಡು ನೋಡಿದರು. ಬೋರ್ಡನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು.

“ಆ ಫಿಚ್ ಹಿಟ್ಟು ಬಂದಿದ್ಯೇನ್ರೀ?” ಎಂದಳು ಹಿಂದಿನಿಂದ ಒಬ್ಬ ಮುದುಕಿ.

“ಮುಂದಿನ ಸಲ ನಿನ್ನ ಹೆಸರು ಕೆಳಗೆ ಮೂಲೇಲಿ ಹಾಕು,” ಎಂದರು ಬ್ರಾನ್ಸನ್, ಶಿಕ್ಷೆ ವಿಧಿಸುವ ದನಿಯಲ್ಲಿ. “ಯಾರ ಕಣ್ಣಿಗೂ ಬೀಳದ ಕಡೆ!”

“ಆಗ್ಲಿ,” ಎಂದಳು ಕೆಜಾಯ.

ಆಮೇಲೆ ಅವಳು ಕೊರೆದ ಹದಿನೇಳು ಊರುಗಳ ಮೂಲೆಯಲ್ಲೂ ಆ ಶಿಕ್ಷೆ ಇದೆ.