ಹಂಚು ತಿರುವಿದ ದಿನ

ಸಾವಂತ್ರವ್ವನಿಗೆ ಬೆಳಗಾವಿಯಲ್ಲಿ ಸ್ವಂತ ಮನೆ ಇತ್ತು. ಆದರೆ ಆಕೆ ಇದ್ದದ್ದು ಖಾನಾಪುರದಲ್ಲಿ, ಇನ್ನೊಬ್ಬರ ಮನೆಯ ಬಾಡಿಗೆ ಖೋಲಿಯಲ್ಲಿ. ಗಂಡ ಮುತ್ತಪ್ಪ ಅಲ್ಲಿನ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಮುಂದೆ ಇಪ್ಪತ್ತೆರಡು ವರ್ಷ ಬೆಂದು, ಬೆಳಗಾವಿಯ ಸದಾಶಿವನಗರದ ಹಿಂದಿನ ಗಲ್ಲಿಯಲ್ಲಿ ಎರಡು ಖೋಲಿ ಕಟ್ಟಿಸಿದ್ದ. ಹಂಚುಗಳನ್ನು ತಾನೇ ಆರಿಸಿದ್ದ. ಒಂದೊಂದನ್ನೂ ಬೆರಳಿನಿಂದ ಬಡಿದು, ಗಂಟೆಯಂತೆ ನಾದ ಕೊಟ್ಟದ್ದನ್ನಷ್ಟೇ ಲಾರಿಗೆ ಏರಿಸಿದ್ದ. ಹಾಲು ಉಕ್ಕಿಸಿ ಒಳಗೆ ಹೋಗುವ ಮೊದಲೇ ತೀರಿಕೊಂಡ. ಸಾವಂತ್ರವ್ವ ಅದೇ ಕಾರ್ಖಾನೆಯಲ್ಲಿ ಹಸಿ ಹಂಚು ಒಣಗಿಸುತ್ತಿದ್ದಳು. ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ. ಮನೆಯನ್ನು ಬಾಡಿಗೆಗೆ ಕೊಟ್ಟಳು.

ಬಂದವನು ಬಾಳಾಸಾಹೇಬ. ಊರಾಚೆಯ ಮಚ್ಛೆಯ ಕಡೆ ಎರಕ ಹೊಯ್ಯುವ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ. ಮೂರು ವರ್ಷ ಬಾಡಿಗೆಯ ಐದನೇ ತಾರೀಖು ತಪ್ಪಿಸಲಿಲ್ಲ. ಆಮೇಲೆ ಕಾರ್ಖಾನೆ ಬಾಗಿಲು ಹಾಕಿತು, ಎರಡು ತಿಂಗಳು ತಡೆಯಿರಿ ಎಂದ. ತಡೆದಳು. ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಮನೆಯ ಮುಂದೆ ಮೋಟಾರ್ ಸೈಕಲ್ ಬಂದು ನಿಂತಿತು, ಬಾಡಿಗೆ ಮಾತ್ರ ಬರಲಿಲ್ಲ. ಹೀಗೆ ಹನ್ನೊಂದು ತಿಂಗಳು. ಬರೀ ಮಾತಿನ ಮೇಲೆ ಕೊಟ್ಟ ಮನೆ. ರೇಷನ್ ಕಾರ್ಡಿಗೆ ಬೇಕೆಂದು ಅವನು ಕೇಳಿದಾಗ, ಇವನು ನನ್ನ ಬಾಡಿಗೆಯವನು ಎಂದು ಆಕೆ ಹೆಬ್ಬೆಟ್ಟು ಒತ್ತಿದ ಕಾಗದ ಅವನ ಹತ್ತಿರ ಇತ್ತು. ಆಕೆಯ ಹತ್ತಿರ ಅವನದೊಂದು ಚೀಟಿಯೂ ಇರಲಿಲ್ಲ.

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ ಖಾನಾಪುರದ ಮನೆಯೊಡತಿ ದಿಲಶಾದ ಚಹಾದ ಬಟ್ಟಲು ಹಿಡಿದುಕೊಂಡು ಬಂದು ಕೂತಳು. ಬಹಳ ಹೊತ್ತು ಮಳೆ, ಮಾವಿನಕಾಯಿ ಎಂದು ಏನೇನೋ ಮಾತಾಡಿ ಕೊನೆಗೆ ಹೇಳಿದಳು.

"ಸಾವಂತ್ರಕ್ಕಾ, ನಮ್ಮ ಮುದಸ್ಸರನ ಶಾದಿ ಪಕ್ಕಾ ಆಗ್ಯದ. ಹೊಸ ಸೊಸೀಗೆ ಈ ಖೋಲಿ ಬೇಕ. ನಿಮಗ ಹೋಗ್ರಿ ಅನ್ನಾಕ ನಂಗ ಬಾಯಿನ ಬರವಲ್ದು."

"ಬಂತಲ್ಲ ಈಗ," ಎಂದು ಸಾವಂತ್ರವ್ವ ನಕ್ಕಳು. ಮಳೆಗಾಲದ ಮೊದಲ ಮಳೆಯಾದ ಮಿರಗ ಕೂಡುವುದರೊಳಗೆ ಖಾಲಿ ಮಾಡುತ್ತೇನೆ ಎಂದು ಮಾತು ಕೊಟ್ಟಳು. ಬಾಡಿಗೆಯವರು ಹೇಗಿರಬೇಕೆಂದು ಆಕೆಗೆ ಗೊತ್ತಿತ್ತು. ಆದರೆ ಕಾರ್ಖಾನೆಯ ಕೆಲಸವೂ ಆಗಲೇ ಬಿಟ್ಟಿತ್ತು, ಬೇರೆ ಖೋಲಿಗೆ ಬಾಡಿಗೆ ಕೊಡುವ ಹಾಗಿರಲಿಲ್ಲ. ಬೆಳಗಾವಿಯ ಮನೆ ಸಿಗದಿದ್ದರೆ ಮಳೆಗಾಲಕ್ಕೆ ತಲೆಯ ಮೇಲೆ ಸೂರಿಲ್ಲ.

ಮಿರಗಕ್ಕೆ ಎರಡು ದಿನ ಇರುವಾಗ ಒಂದು ಟ್ರಂಕು, ಹಾಸಿಗೆ, ಸ್ಟೋವು, ನಾಲ್ಕು ಪಾತ್ರೆ ಟೆಂಪೋದಲ್ಲಿ ಹಾಕಿಕೊಂಡು ಬಂದಳು. ಬಾಜು ಮನೆಯ ಚಂದ್ರವ್ವನ ಪಡಸಾಲೆಯಲ್ಲಿ ಇಳಿಸಿ, ಹೋಗಿ ಬಾಳಾಸಾಹೇಬನನ್ನು ಕೇಳಿಕೊಂಡಳು. ಎರಡೂ ಬೇಡ, ಮುಂದಿನ ಖೋಲಿ ಒಂದು ಬಿಟ್ಟುಕೊಟ್ಟರೆ ಸಾಕು ಎಂದಳು. ಅವನು ಗಾಡಿ ಒರೆಸುತ್ತ ತಲೆ ಎತ್ತಲಿಲ್ಲ.

"ಮಾವಶಿ, ಕೋರ್ಟಿಗೆ ಹೋಗ್ರಿ. ಹತ್ತ ವರ್ಷಕ್ಕ ತಾರೀಖ ಮುಗೀತಾವ. ಅಂದಂಗ ಮಿರಗ ಬಂತು. ಹಂಚ ತಿರುವಿ ಹಾಕೂದು ಮಾಲಕರ ಕೆಲಸ. ಹೋದ ವರ್ಷ ನಮ್ಮ ಹಾಸಿಗಿ ತೊಯ್ದಿತ್ತು."

ಅವನ ಹೆಂಡತಿ ಅನುರಾಧಾ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು.

ಚಂದ್ರವ್ವನಿಗೆ ಸಿಟ್ಟು ತಡೆಯಲಾಗಲಿಲ್ಲ. "ಸೋರಲಿ ಬಿಡ. ನಾಕ ದಿನ ತೊಯ್ದರ ತಾವ ಗಂಟ ಕಟ್ಟತಾರ," ಎಂದಳು.

ಸೋರಿದರೆ ಹಂಚು ಹೊತ್ತ ಮರದ ರೀಪು ಕೊಳೆಯುತ್ತವೆ. ಗಂಡ ಬಡಿದು ಬಡಿದು ತಂದ ಹಂಚು ಕೆಳಗೆ ಬೀಳುತ್ತವೆ. ಸಾವಂತ್ರವ್ವ ಚಂದ್ರವ್ವನ ನಿಚ್ಚಣಿಕೆ ಕೇಳಿ ಇಸಿದುಕೊಂಡಳು.

ಹಂಚು ತಿರುವುವ ದಿನ ಮನೆ ಬರಿದಾಗಬೇಕು. ಸಾಲಾಗಿ ಹಂಚು ತೆಗೆದು, ಧೂಳು ಹೊಡೆದು, ಒಡೆದದ್ದರ ಜಾಗಕ್ಕೆ ಬೇರೆ ಇಟ್ಟು ಕೂಡಿಸುವಾಗ, ವರ್ಷದ ಮಸಿ, ಇಲಿಯ ಗೂಡು, ಹಂಚಿನ ಚೂರು ಎಲ್ಲ ಒಳಗೇ ಬೀಳುತ್ತದೆ. ಅದಕ್ಕೆ ಇದ್ದವರು ಸಾಮಾನನ್ನು ಮೊದಲೇ ಅಂಗಳಕ್ಕೆ ಹೊರುತ್ತಾರೆ. ಆ ಮುಂಜಾನೆಯೂ ಬಾಳಾಸಾಹೇಬ ಪ್ರತಿ ವರ್ಷದಂತೆ ಮಂಚ, ಕಪಾಟು, ಹಿಟ್ಟಿನ ಡಬ್ಬಿ, ಕಡೆಗೆ ದೇವರ ಫೋಟೋ ಕೂಡ ತಾನೇ ಹೊರಗಿಟ್ಟು, ಸಂಜೆಯೊಳಗೆ ಮುಗಿಸಿರಿ ಎಂದು ಹೇಳಿ ಕೆಲಸಕ್ಕೆ ಹೋದ.

ಸಾವಂತ್ರವ್ವ ಸೀರೆ ಕಚ್ಚೆ ಹಾಕಿ ಮೇಲೆ ಹತ್ತಿದಳು. ಐವತ್ತೆಂಟು ವರ್ಷದ ಕಾಲು, ಆದರೆ ಹಂಚಿನ ಮೇಲೆ ಎಲ್ಲಿ ಊರಬೇಕೆಂದು ಅದಕ್ಕೆ ಗೊತ್ತಿತ್ತು. ಮುಂದಿನ ಖೋಲಿಯ ಸಾಲು ತೆಗೆದಾಗ ಬಿಸಿಲು ಒಳಗೆ ಬಿತ್ತು. ಕೆಳಗೆ ನೋಡಿದಳು. ಬರೀ ನೆಲ. ಮುತ್ತಪ್ಪ ಕಟ್ಟಿಸಿದ ದಿನ ಹೇಗಿತ್ತೋ ಹಾಗೆ. ಬೇಡಿಕೊಂಡರೂ ಸಿಗದ ಮನೆ, ಯಾರೂ ಜಗಳ ಮಾಡದೆ, ಬೀಗ ಒಡೆಯದೆ, ಖಾಲಿ ಬಿದ್ದಿತ್ತು. ಕೈಯಲ್ಲಿದ್ದ ಹಂಚನ್ನು ರೀಪಿನ ಮೇಲೆ ಇಡುವುದನ್ನೇ ಮರೆತು ಕೂತಳು.

ಎರಡು ಹೊತ್ತಿನ ಕೆಲಸ ಒಂದೇ ಹೊತ್ತಿನಲ್ಲಿ ಮುಗಿಯಿತು. ಪಡುವಣ ಕಡೆ ಮೋಡ ಕಪ್ಪಾಗುತ್ತಿತ್ತು. ಕೆಳಗಿಳಿದಾಗ ಅನುರಾಧಾ ನೀರಿಗೆ ಹೋಗಿದ್ದಳು. ಸಾವಂತ್ರವ್ವ ಮುಂದಿನ ಖೋಲಿ ಕಸ ಹೊಡೆದು, ಚಂದ್ರವ್ವನ ಪಡಸಾಲೆಯಿಂದ ತನ್ನ ಟ್ರಂಕನ್ನು ಎಳೆಯತೊಡಗಿದಳು. ಚಂದ್ರವ್ವ ಒಂದು ಕ್ಷಣ ನೋಡಿದಳು, ಹಾಸಿಗೆ ಹೊತ್ತಳು, ತಿರುಗಿ ಹೋಗಿ ಅರ್ಧ ತಂಬಿಗೆ ಹಾಲು ತಂದಳು.

ಸ್ಟೋವಿನ ಮೇಲೆ ಹಾಲು ಉಕ್ಕಿ ನೆಲಕ್ಕೆ ಹರಿಯುವುದಕ್ಕೂ, ಮೋಡ ಕಂಡು ಬೇಗ ತಿರುಗಿದ ಮೋಟಾರ್ ಸೈಕಲ್ ಅಂಗಳದಲ್ಲಿ ನಿಲ್ಲುವುದಕ್ಕೂ ಸರಿಹೋಯಿತು.

"ಏನ ನಡಸೀರಿ ಇದು?" ಬಾಳಾಸಾಹೇಬ ಹೊಸ್ತಿಲಿಗೆ ಬಂದ. "ನನ್ನ ಸಾಮಾನ ಹೊರಗ ಹಾಕಿ ಒಳಗ ಹೊಕ್ಕೀರಿ? ಪೊಲೀಸರನ್ನ ಕರಸತೇನಿ."

"ನಿನ್ನ ಸಾಮಾನ ನಾ ಮುಟ್ಟಿಲ್ಲ ತಮ್ಮಾ. ನೀನ ಹೊತ್ತ ತಂದ ಇಟ್ಟಿ. ಗಲ್ಲಿ ಮಂದಿ ನೋಡ್ಯಾರ."

ಗಲ್ಲಿಯ ಮಂದಿ ಆಗಲೇ ಗೋಡೆಯಾಚೆ ಕೂಡಿದ್ದರು. ಅವನು ಒಂದು ಹೆಜ್ಜೆ ಒಳಗಿಟ್ಟು ಟ್ರಂಕಿನ ಹಿಡಿಕೆಗೆ ಕೈ ಹಾಕಿದ. ಸಾವಂತ್ರವ್ವ ಸ್ಟೋವಿನ ಮುಂದೆ ಕೂತೇ ಇದ್ದಳು. ಆ ಟ್ರಂಕು ಹೊಸ್ತಿಲು ದಾಟಿತೆಂದರೆ ಆಕೆಗೆ ತಿರುಗಿ ಹೋಗಲು ಖಾನಾಪುರದಲ್ಲಿ ಖೋಲಿಯಿಲ್ಲ. ಅದನ್ನು ಅವನಿಗೆ ಹೇಳಲಿಲ್ಲ.

ಟ್ರಂಕು ಒಂದು ಮೊಳ ಸರಿಯಿತು. ಅಷ್ಟರಲ್ಲಿ ಅಂಗಳದ ಕಪಾಟಿನ ತಗಡಿನ ಮೇಲೆ ದಪ್ಪ ಹನಿಗಳು ಬಿದ್ದವು. ಕೊಡ ಹೊತ್ತು ಬಂದಿದ್ದ ಅನುರಾಧಾ ಹಾಸಿಗೆಯನ್ನು ನೋಡಿದಳು, ಗಂಡನನ್ನು ನೋಡಿದಳು.

"ಒಳಗಿನ ಖೋಲಿ ಎಂಟ ದಿನ ನಿಮಗ," ಎಂದಳು ಸಾವಂತ್ರವ್ವ. "ಸಾಮಾನ ತೊಯ್ಯೂದ ಬ್ಯಾಡ. ಅಷ್ಟರಾಗ ಬ್ಯಾರೆ ಮನಿ ನೋಡಕೋರಿ."

ಅನುರಾಧಾ ಕೊಡ ಇಳಿಸಿ ಹಿಟ್ಟಿನ ಡಬ್ಬಿ ಎತ್ತಿಕೊಂಡಳು. ಗಂಡನ ಬಗಲಿನಿಂದ ನುಸುಳಿ, ಸಾವಂತ್ರವ್ವನ ಸ್ಟೋವನ್ನು ಬಳಸಿಕೊಂಡು ಒಳಗಿನ ಖೋಲಿಗೆ ಹೋದಳು. ತಿರುಗಿ ಬಂದು ಹಾಸಿಗೆ ಒಯ್ದಳು. ಮೂರನೆಯ ಸಲ ಬಂದಾಗ, "ಕಪಾಟ ನನ್ನ ಕೈಲೆ ಎತ್ತಾಕ ಆಗೂದಿಲ್ರಿ," ಎಂದು ಗಂಡನಿಗೆ ಹೇಳಿದಳು. ಬಾಳಾಸಾಹೇಬ ಹಿಡಿಕೆ ಬಿಟ್ಟ.

ಎಂಟು ದಿನ ಅವನು ಆಕೆಯ ಮುಂದೆಯೇ ಹಾಯ್ದು ಹೋಗಿ ಬರುತ್ತಿದ್ದ.  ಆರನೆಯ ದಿನ ವಕೀಲರ ಹತ್ತಿರ ಹೋಗಿ ಬಂದನಂತೆ. ಒಂಬತ್ತನೆಯ ದಿನ ಕಾಕತಿಯಿಂದ ಅನುರಾಧಾಳ ಅಣ್ಣ ಟೆಂಪೋ ತಂದ. ಹೋಗುವಾಗ ಅನುರಾಧಾ ಮಾತ್ರ ಹೊಸ್ತಿಲಲ್ಲಿ ನಿಂತು, "ಈ ವರ್ಷ ಒಂದ ಹನಿ ಸೋರಲಿಲ್ಲ ಮಾವಶಿ," ಎಂದಳು. ಹನ್ನೊಂದು ತಿಂಗಳ ಬಾಡಿಗೆ ಕೊನೆಗೂ ಬರಲಿಲ್ಲ.

ಈಗಲೂ ಮಿರಗಕ್ಕೆ ಮುಂಚೆ ಸಾವಂತ್ರವ್ವ ಹಂಚು ತಿರುವುತ್ತಾಳೆ. ಟ್ರಂಕು, ಹಾಸಿಗೆ, ಪಾತ್ರೆ ಎಲ್ಲ ಅಂಗಳಕ್ಕೆ ಬರುತ್ತವೆ. ಸ್ಟೋವು ಮಾತ್ರ, ಮನೆ ಪೂರ್ತಿ ಬರಿದಾಗದ ಹಾಗೆ, ಮುಂದಿನ ಖೋಲಿಯಲ್ಲಿ ಇದ್ದಲ್ಲಿಯೇ ಇರುತ್ತದೆ. ಮೇಲಿನ ಮಸಿಯೆಲ್ಲ ಅದರ ಮೇಲೆ ಬೀಳುತ್ತದೆ ಎಂದು ಚಂದ್ರವ್ವ ವರ್ಷವೂ ಬೈಯುತ್ತಾಳೆ.

"ಬೀಳಲಿ," ಎನ್ನುತ್ತಾಳೆ ಸಾವಂತ್ರವ್ವ, ಮೇಲಿನಿಂದಲೇ. "ತೊಳಕೋತೇನಿ."