ಎಂಬತ್ತು ಜಿ ಮತ್ತು ನನ್ನ ತಂಗಿಯ ಮಗಳು

ಫೆಬ್ರವರಿ ತಿಂಗಳಿಗೆ ದಿನಗಳು ಕಡಿಮೆ ಎಂಬುದು ಕ್ಯಾಲೆಂಡರ್ ನೋಡುವವರಿಗೆಲ್ಲ ಗೊತ್ತು. ಸಂಬಳವೂ ಕಡಿಮೆ ಎಂಬುದು ನಮ್ಮಂಥ ಮೇಷ್ಟ್ರುಗಳಿಗೆ ಮಾತ್ರ ಗೊತ್ತು. ವರ್ಷವಿಡೀ ನಮ್ಮ ಕಾಲೇಜಿನ ಕಚೇರಿ ಗಾಢನಿದ್ರೆಯಲ್ಲಿ ಮರೆತಿದ್ದ ಆದಾಯ ತೆರಿಗೆಯನ್ನು ಆ ಒಂದು ತಿಂಗಳಲ್ಲಿ ದಿಗ್ಗನೆ ಎದ್ದು ನೆನಪಿಸಿಕೊಂಡು, ಗಾಣಕ್ಕೆ ಕಬ್ಬು ಕೊಡುವ ಶ್ರದ್ಧೆಯಿಂದ ನಮ್ಮನ್ನು ಹಿಂಡಿ ಸಿಪ್ಪೆಯನ್ನು ಸಂಬಳವೆಂದು ಕೈಗಿಡುತ್ತಿತ್ತು. ಆ ದಿನಗಳಲ್ಲಿ ಸ್ಟಾಫ್ ರೂಮಿನೊಳಗೆ ಸಾಹಿತ್ಯ, ರಾಜಕೀಯ, ಕ್ರಿಕೆಟ್ ಮೂರೂ ಮೌನ ತಾಳಿ, ವಿನಾಯಿತಿ ಎಂಬ ಒಂದೇ ಪದ ಮಂತ್ರದಂತೆ ಮೊಳಗುತ್ತಿತ್ತು. ಕನ್ನಡದ ಮೇಷ್ಟ್ರಾದ ನಾನು ಆ ಪದದ ವ್ಯುತ್ಪತ್ತಿಯನ್ನು ಯೋಚಿಸುತ್ತ ಕೂತಿರುತ್ತಿದ್ದೆ. ಅರ್ಥವನ್ನು ಯೋಚಿಸಿದವರಿಗೆ ಹಣ ಉಳಿಯುತ್ತಿತ್ತು.

ತೊಂಬತ್ತರ ದಶಕದ ನಡುವಿನ ಅಂಥದೊಂದು ಫೆಬ್ರವರಿಯಲ್ಲಿ, ಅರ್ಥಶಾಸ್ತ್ರದ ಸಹೋದ್ಯೋಗಿಯೊಬ್ಬರ ಬಾಯಿಂದ ‘ಎಂಬತ್ತು ಜಿ’ ಎಂಬ ಕಲಮಿನ ಹೆಸರು ನನ್ನ ಕಿವಿಗೆ ಬಿತ್ತು. ಅನುಮೋದನೆ ಪಡೆದ ಸಂಸ್ಥೆಗೆ ದಾನ ಕೊಟ್ಟು ರಶೀದಿ ತಂದರೆ, ಕೊಟ್ಟದ್ದರಲ್ಲಿ ಅರ್ಧದಷ್ಟಕ್ಕೆ ತೆರಿಗೆಯಿಲ್ಲವಂತೆ. ಶಾಸ್ತ್ರಗಳಲ್ಲಿ ಹೇಳಿದ ದಾನಕ್ಕೆ ಫಲ ಪರಲೋಕದಲ್ಲಿ. ಈ ಕಲಮಿನ ದಾನಕ್ಕೆ ಇಹದಲ್ಲೇ, ಅದೂ ಮಾರ್ಚ್ ತಿಂಗಳು ಮುಗಿಯುವುದರೊಳಗೆ! ಇಷ್ಟು ಸುಲಭದ ಪುಣ್ಯವನ್ನು ಸಂಪಾದಿಸಲು ನಮ್ಮ ಸೀಮೆಯ ಶ್ರೀಮಂತರು ತಾ ಮುಂದೆ ನಾ ಮುಂದೆ ಎಂದು ನುಗ್ಗುತ್ತಾರೆಂದು ನಾನು ನಂಬಿದೆ. ನಂಬಿಕೆಯೆಂಬುದು ಕನ್ನಡ ಮೇಷ್ಟ್ರುಗಳ ಹಳೆಯ ಕಾಯಿಲೆ.

ಆ ಕಲಮು ನನ್ನ ತಲೆಯಲ್ಲಿ ಬೇರೂರಲು ಕಾರಣ ನನ್ನ ತಂಗಿ ಜಯಮ್ಮ. ಅವಳನ್ನು ಅಕ್ಕಿಹೆಬ್ಬಾಳಿಗೆ ಕೊಟ್ಟಿತ್ತು. ಹೊಳೆಯ ಬದಿಯಲ್ಲಿ ಗದ್ದೆ, ಹಟ್ಟಿಯಲ್ಲಿ ಹಸು, ಊಟಕ್ಕೆ ಬಟ್ಟೆಗೆ ತಾಪತ್ರಯವಿಲ್ಲ. ಮಗಳು ಸವಿತ ಏಳನೆಯ ತರಗತಿ ಮುಗಿಸುವುದರಲ್ಲಿದ್ದಳು. ಅವಳನ್ನು ನಾನಿರುವ ಕೆ.ಆರ್. ಪೇಟೆಯ ಖಾಸಗಿ ಇಂಗ್ಲಿಷ್ ಮಾಧ್ಯಮದ ಹೈಸ್ಕೂಲಿಗೆ ಸೇರಿಸಬೇಕೆಂಬುದು ಜಯಮ್ಮನ ಹಟ. ಇಷ್ಟು ವರ್ಷ ಕನ್ನಡದ ಅನ್ನ ತಿಂದವನು ತಂಗಿಯ ಮಗಳನ್ನು ಇಂಗ್ಲಿಷಿಗೆ ಧಾರೆಯೆರೆಯಲು ಹೊರಟದ್ದನ್ನು ಕಂಡು ನಿಮಗೆ ನಗು ಬಂದರೆ ಧಾರಾಳವಾಗಿ ನಗಬಹುದು. ನನ್ನ ಸಹೋದ್ಯೋಗಿಗಳು ಆಗಲೇ ನಕ್ಕು ಮುಗಿಸಿದ್ದಾರೆ.

ಅಡ್ಡಿಯಿದ್ದದ್ದು ಫೀಜಿನದು. ಅರ್ಧ ತಾನು ಕಟ್ಟುವುದಾಗಿ ಜಯಮ್ಮನ ಗಂಡ ಶಿವಣ್ಣ ಒಪ್ಪಿದ್ದ. ಉಳಿದರ್ಧವನ್ನು ನಾನು ಕಟ್ಟುತ್ತೇನೆಂದರೆ ಮಾತ್ರ ಹೆಡೆಯೆತ್ತಿದ.

“ಎಂಡ್ತಿ ಅಣ್ಣನ ಕಾಸಲ್ಲಿ ಮಗೀನ ಓದುಸ್ದ ಅನ್ನುಸ್ಕೊಳ್ಳಾಕೆ ನಾನು ತಯಾರಿಲ್ಲ ಬಾವ. ಸ್ಕಾಲರ್‌ಶಿಪ್ಪು ಬಂದ್ರೆ ಬರ್ಲಿ, ಅದು ಮಗೀನ ಬುದ್ಧಿಗೆ ಬಂದಿದ್ದು. ಇಲ್ದಿದ್ರೆ ಊರ್ನಲ್ಲೇ ಇಸ್ಕೂಲದೆ,” ಅಂದುಬಿಟ್ಟ.

ಊರಿನಲ್ಲಿದ್ದದ್ದು ಏಳನೆಯ ತರಗತಿಯವರೆಗಿನ ಓದಿನ ಆಸೆ. ಅದರ ಮುಂದಿನದಕ್ಕೆ ಹೆಣ್ಣುಮಕ್ಕಳನ್ನು ಕಳಿಸುವ ಉಮೇದು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನ್ನನ್ನು ಬಸ್ಸು ಹತ್ತಿಸಲು ಬಂದ ಜಯಮ್ಮ, “ಆ ಸ್ಕಾಲರ್‌ಶಿಪ್ಪು ಎಲ್ಲದೋ ಉಡುಕಿ ತಂದ್ಕೊಡಣ್ಣ. ಏಳ್ನೇ ಕ್ಲಾಸ್ಗೆ ನಾನು ಬುಟ್ಟೆ. ಇವ್ಳೂ ಬುಟ್ಬುಡ್ಬೇಕಾ?” ಎಂದಳು. ಅವಳನ್ನು ಬಿಡಿಸಿ ನನ್ನನ್ನು ಓದಿಸಿದ ಮನೆ ನಮ್ಮದು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಕೇಳಿಸದೆಯೂ ಇರಲಿಲ್ಲ.

ಪೇಟೆಯ ಆ ಶಾಲೆಯ ಕಾರ್ಯದರ್ಶಿಗಳು ಸಜ್ಜನರು. ಅವರ ಟ್ರಸ್ಟಿಗೆ ಎಂಬತ್ತು ಜಿ ಅನುಮೋದನೆಯಿತ್ತು. ದಾನಿಗಳು ಮಾತ್ರ ಇರಲಿಲ್ಲ. “ನೀವು ದಾನಿಗಳನ್ನ ಕರ್ಕೊಂಡು ಬನ್ನಿ, ವಿದ್ಯಾರ್ಥಿವೇತನ ನಾಳೇನೇ ಶುರು ಮಾಡೋಣ,” ಎಂದು ಕಾಫಿ ಕೊಟ್ಟು ಕಳಿಸಿದರು. ಹೀಗೆ ನಾನು ದಾನಿಗಳ ಬೇಟೆಗೆ ಹೊರಟೆ.

ಮೊದಲು ಸಿಕ್ಕವರು ಪಾಂಡವಪುರದ ರೈಸ್ ಮಿಲ್ಲೊಂದರ ಧಣಿಗಳು. ಅಂಗಳದಲ್ಲಿ ಅಕ್ಕಿ ಮೂಟೆ ಹೇರಿದ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಮಜ್ಜಿಗೆ ಕುಡಿಸಿ, ಫ್ಯಾನಿನ ಕೆಳಗೆ ಕೂರಿಸಿ, ವಿದ್ಯಾದಾನದ ಮಹಿಮೆಯ ಬಗ್ಗೆ ನಾನು ಮಾಡಿದ ಭಾಷಣವನ್ನು ನನ್ನ ವಿದ್ಯಾರ್ಥಿಗಳಿಗಿಂತ ಎಷ್ಟೋ ಹೆಚ್ಚು ತಾಳ್ಮೆಯಿಂದ ಕೇಳಿಸಿಕೊಂಡರು.

“ಎಲ್ಲಾ ಸರಿ ಮೇಷ್ಟ್ರೇ, ಇದ್ರಿಂದ ನಂಗೇನು ಬತ್ತದೆ?”

“ನಿಮಗೆ ತೆರಿಗೆ ಉಳಿಯುತ್ತದೆ.”

ಧಣಿಗಳು ಹೊಟ್ಟೆ ಕುಲುಕುವಂತೆ ನಕ್ಕರು. “ಉಳಿಯಾದು ಕಟ್ಟೋರ್ಗಲ್ವಾ? ನಾನ್ಯಾವತ್ತು ಕಟ್ಟಿದ್ದೀನಿ? ಗದ್ದೆ ನನ್ನೆಸ್ರಲ್ಲದೆ, ಗದ್ದೇಗೆ ಟ್ಯಾಕ್ಸಿಲ್ಲ. ಮಿಲ್ಲಾ? ಅದು ಉಟ್ಟಿದಾಗ್ನಿಂದ್ಲೂ ಲಾಸಲ್ಲೇ ಅದೆ!”

ಲಾಸಿನಲ್ಲಿ ನಡೆಯುವ ಆ ಮಿಲ್ಲಿನ ಸದ್ದಿನಲ್ಲಿ ನನ್ನ ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ತೆರಿಗೆ ಕಟ್ಟದವನಿಗೆ ವಿನಾಯಿತಿ ಕೊಡಲು ಸರ್ಕಾರಕ್ಕೂ ಸಾಧ್ಯವಿಲ್ಲವೆಂಬ ಸರಳ ತತ್ತ್ವ ನನಗೆ ಹೊಳೆದದ್ದು ವಾಪಸು ಬಸ್ಸಿನಲ್ಲಿ, ಎರಡು ಸೀಟಿನ ಜಾಗದಲ್ಲಿ ಮೂವರ ಜೊತೆ ಕೂತಿದ್ದಾಗ.

ನಾಗಮಂಗಲದ ಬಸ್ ಮಾಲೀಕರದು ಇನ್ನೊಂದು ಪರಿ. ಅವರು ತೆರಿಗೆ ಕಟ್ಟುತ್ತಿದ್ದರು. ಕಟ್ಟುತ್ತಿರುವುದೇ ಅವರ ಬಾಳಿನ ದುಃಖವಾಗಿತ್ತು. ಎಂಬತ್ತು ಜಿ ಎಂದೊಡನೆ ಅವರ ಕಣ್ಣು ಮಿಂಚಿದ್ದನ್ನು ಕಂಡು ನಾನು ಸವಿತಳನ್ನು ಮನಸ್ಸಿನಲ್ಲೇ ಶಾಲೆಗೆ ಸೇರಿಸಿ ಸಮವಸ್ತ್ರವನ್ನೂ ತೊಡಿಸಿಬಿಟ್ಟೆ. ಅವರು ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು: “ಕೊಡಾಣ ಮೇಷ್ಟ್ರೇ, ಅದ್ಕೇನಂತೆ. ನಾನು ಒಂದು ಕೊಡ್ತೀನಿ, ನೀವು ರಶೀದೀಲಿ ನಾಕು ಅಂತ ಬರ್ಕೊಟ್ಬುಡಿ. ನಿಮ್ಗೂ ಪುಣ್ಯ, ನಮ್ಗೂ ಲಾಬ.” ಪುಣ್ಯವನ್ನು ಹೀಗೆ ನಾಲ್ಕರಿಂದ ಗುಣಿಸಬಹುದೆಂದು ನಾನು ಓದಿದ ಯಾವ ಕಾವ್ಯದಲ್ಲೂ ಇರಲಿಲ್ಲ. ನಮಸ್ಕಾರ ಹಾಕಿ ಎದ್ದೆ. ಅವರದೇ ಬಸ್ಸಿನಲ್ಲಿ, ಟಿಕೆಟ್ ಕೊಂಡು, ಹಲ್ಲು ಕಚ್ಚಿಕೊಂಡು ಊರು ಸೇರಿದೆ.

ಕಡೆಗೆ ನೆನಪಾದವನು ಗಂಜಾಮಿನ ಸೀತಾರಾಮು, ನನ್ನ ಓರಗೆಯವನು, ಮೈಸೂರು ಶ್ರೀರಂಗಪಟ್ಟಣಗಳ ವರ್ತಕರಿಗೆ ತೆರಿಗೆಯ ಲೆಕ್ಕ ಬರೆದುಕೊಡುವ ವೃತ್ತಿಯವನು. ನಿಮಿಷಾಂಬೆಯ ದರ್ಶನಕ್ಕೆಂದು ಬಂದ ಭಕ್ತರ ನಡುವೆ ತೂರಿಕೊಂಡು ಅವನ ಮನೆ ಮುಟ್ಟುವಷ್ಟರಲ್ಲಿ ನನ್ನ ಸಹನೆ ತೀರಿತ್ತು. ನನ್ನ ಬುದ್ಧಿವಂತಿಕೆಯ ಯೋಜನೆಯನ್ನು ಅವನ ಮುಂದಿಟ್ಟೆ: ನಾನೇ ಟ್ರಸ್ಟಿಗೆ ದಾನ ಕೊಡುವುದು, ಟ್ರಸ್ಟು ಅದನ್ನು ಸವಿತಳಿಗೆ ವಿದ್ಯಾರ್ಥಿವೇತನವೆಂದು ಕೊಡುವುದು, ಶಿವಣ್ಣನ ಮಾನವೂ ಉಳಿಯಿತು, ನನ್ನ ತೆರಿಗೆಯೂ ಉಳಿಯಿತು.

ಸೀತಾರಾಮು ಕನ್ನಡಕವನ್ನು ಹಣೆಗೇರಿಸಿ, “ಯಾರಿಗೆ ಅಂತ ಮೊದಲೇ ಗೊತ್ತಿದ್ದರೆ ಅದು ದಾನ ಅಲ್ಲ ಕಣಯ್ಯ, ಮನಿಯಾರ್ಡರು,” ಎಂದ. “ನಿಧಿ ಅಂದ ಮೇಲೆ ಎಲ್ಲ ಮಕ್ಕಳಿಗೂ ಬಾಗಿಲು ತೆರೆದಿರಬೇಕು. ಮತ್ತೆ, ಮಿಲ್ಲಿನೋರು ಬಸ್ಸಿನೋರ ಹತ್ತಿರ ಯಾಕೆ ಅಲೆದೆ? ತೆರಿಗೆ ಕಟ್ಟೋರ ಹತ್ತಿರ ಹೋಗು. ನಮ್ಮ ಕಡೆ ಪೂರಾ ತೆರಿಗೆ ಕಟ್ಟೋರು ಸಂಬಳದೋರು ಮಾತ್ರ. ಪ್ರಾಮಾಣಿಕರು ಅಂತಲ್ಲ, ಬೇರೆ ದಾರಿ ಇಲ್ಲ ಅಂತ.”

ಆ ಮಾತಿನಿಂದ ನಾನು ಕುಗ್ಗಬೇಕೋ ಹಿಗ್ಗಬೇಕೋ ತಿಳಿಯದೆ ಪೇಟೆಗೆ ಮರಳಿ, ನಮ್ಮ ಸ್ಟಾಫ್ ರೂಮಿನಲ್ಲೇ ಜೋಳಿಗೆ ಹಿಡಿದೆ. ಅರ್ಥಶಾಸ್ತ್ರದವರು ಕೊಟ್ಟರು, ಕಚೇರಿಯ ಗುಮಾಸ್ತರು ಗೊಣಗುತ್ತ ಕೊಟ್ಟರು, ಅಂಚೆಕಚೇರಿಯವರು, ಬ್ಯಾಂಕಿನವರು ಕೊಟ್ಟರು, ನಾನೂ ಕೊಟ್ಟೆ. ಪಾಂಡವಪುರದ ಒಂದು ಲಾರಿಯ ಅಕ್ಕಿಗೆ ಸಮವಾಗದ ಆ ನಿಧಿ, ಒಂದು ಮಗುವಿನ ಹೈಸ್ಕೂಲಿನ ಫೀಜಿಗೆ ಸಾಕಾಗುವಷ್ಟಾಯಿತು. ಒಂದೇ ಮಗುವಿಗೆ. ಶಾಲೆಯ ಬಾಗಿಲಿಗೆ ಪ್ರಕಟಣೆ ಅಂಟಿಸಿದೆವು. ಆಯ್ಕೆ ಸಮಿತಿಗೆ ಕಾರ್ಯದರ್ಶಿಗಳು, ಹೆಡ್‌ಮಿಸ್ಟ್ರೆಸ್ಸು, ಮತ್ತು ಓಡಾಡಿದವನೆಂಬ ಗೌರವಕ್ಕೆ ನಾನು. ತಂಗಿಯ ಮಗಳು ಬರುವವಳಿದ್ದಾಳೆ, ನನ್ನನ್ನು ಬಿಡಿ ಎಂದು ಕೇಳಿಕೊಂಡೆ. “ನಿಮ್ಮ ಮೇಲೆ ನಮಗೆ ನಂಬಿಕೆ ಇದೆ, ಕೂತ್ಕೊಳ್ಳಿ,” ಎಂದರು. ಮನುಷ್ಯನನ್ನು ಕಟ್ಟಿಹಾಕಲು ಇದಕ್ಕಿಂತ ಗಟ್ಟಿಯಾದ ಹಗ್ಗವಿಲ್ಲ.

ಬಂದ ಮಕ್ಕಳ ಪೈಕಿ ಕೊನೆಗೆ ಉಳಿದವರು ಇಬ್ಬರು, ಅಂಕಗಳಲ್ಲಿ ಹೆಚ್ಚುಕಡಿಮೆ ಸರಿಸಮ: ಒಬ್ಬಳು ನಮ್ಮ ಸವಿತ, ಇನ್ನೊಬ್ಬಳು ಪೇಟೆಯ ಲಾರಿ ಡ್ರೈವರ್ ಅನ್ವರನ ಮಗಳು ನಸೀಮ. ಈ ಶಾಲೆಗೇ ಏಕೆ ಸೇರಬೇಕೆಂದು ಹೆಡ್‌ಮಿಸ್ಟ್ರೆಸ್ಸು ಇಬ್ಬರನ್ನೂ ಕೇಳಿದರು. ಈ ಪ್ರಶ್ನೆ ಬರುತ್ತದೆಂದು ಊಹಿಸಿ ನಾನು ಸವಿತಳಿಗೆ ಸೊಗಸಾದ ಉತ್ತರವೊಂದನ್ನು ಕಲಿಸಿದ್ದೆ. ಅವಳು ನನ್ನ ಮುಖವನ್ನೇ ನೋಡಿ, ಗಾಬರಿಯಲ್ಲಿ ಅದನ್ನೆಲ್ಲ ನುಂಗಿ, “ಮಾವ ಸೇರ್ಕೊ ಅಂದ್ರು ಮಿಸ್,” ಎಂದಳು. ನಾನು ಚಾವಣಿಯನ್ನು ಅಧ್ಯಯನ ಮಾಡಿದೆ.

ನಸೀಮ ಕೂತವಳು ಎದ್ದು ನಿಂತಳು. “ನಮ್ ಇಸ್ಕೂಲಲ್ಲಿ ಮೈಕ್ರೋಸ್ಕೋಪು ಅದೆ ಮಿಸ್, ಬೀರೂಲಿಟ್ಟು ಬೀಗ ಆಕವ್ರೆ. ಒಂದ್ಸಲೀನೂ ನೋಡಿಲ್ಲ. ಇಲ್ಲಿ ಮಕ್ಕಳ ಕೈಗೇ ಕೊಡ್ತಾರೆ ಅಂದ್ರು. ಅದ್ಕೆ ಬಂದೆ,” ಎಂದಳು. ಆಮೇಲೆ ಯಾರೂ ಕೇಳದಿದ್ದರೂ, “ಕೊಡ್ತೀರಾ?” ಎಂದು ಸೇರಿಸಿದಳು.

ಕಾರ್ಯದರ್ಶಿಗಳು ದಾಕ್ಷಿಣ್ಯಕ್ಕೆ ಸಿಕ್ಕಿ ಸವಿತಳಿಗೆ ಎಂದರು. ಹೆಡ್‌ಮಿಸ್ಟ್ರೆಸ್ಸು ನಸೀಮಳಿಗೆ ಎಂದರು. ಇಬ್ಬರೂ ನನ್ನ ಕಡೆ ತಿರುಗಿದರು. ಆ ಗಳಿಗೆಯಲ್ಲಿ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇಂದಿಗೂ ಹೇಳಲಾರೆ: ಒಂದೇ ಮಗುವಿಗೆ ಸಾಲುವ ನಿಧಿಯ ಮೇಲೋ, ಲಾಸಿನ ಮಿಲ್ಲಿನ ಮೇಲೋ, ಅರ್ಧ ಫೀಜಿಗೆ ಅಡ್ಡನಿಂತ ಶಿವಣ್ಣನ ಮೀಸೆಯ ಮೇಲೋ, ‘ಕೊಡ್ತೀರಾ’ ಎಂದ ಆ ಹುಡುಗಿಯ ಮೇಲೆಯೇ ಏನೋ. ಸವಿತಳ ಅಪ್ಪ ಮನಸ್ಸು ಮಾಡಿದರೆ ಕಟ್ಟಬಲ್ಲ; ಅನ್ವರ್ ಎಷ್ಟು ಮನಸ್ಸು ಮಾಡಿದರೂ ಕಟ್ಟಲಾರ. ನಾನು ನಸೀಮಳ ಹೆಸರು ಹೇಳಿ, ಮೇಜಿನ ಮೇಲಿದ್ದ ನೀರನ್ನೆಲ್ಲ ಕುಡಿದುಬಿಟ್ಟೆ.

ಮರುದಿನ ಸುದ್ದಿ ತಿಳಿದ ಜಯಮ್ಮ ಬೆಳಗಿನ ಬಸ್ಸಿಗೇ ಬಂದಿಳಿದಳು. ನಾನು ಶಾಲೆಯ ಕಾರ್ಯದರ್ಶಿಗಳ ಕೋಣೆಯಲ್ಲಿ ರಶೀದಿಗಳಿಗೆ ಸಹಿ ಮಾಡಿಸುತ್ತಿದ್ದೆ. ಬಾಗಿಲಲ್ಲಿ ನಿಂತೇ ಶುರುಮಾಡಿದಳು: “ಊರ ಮಕ್ಕಳ್ಗೆಲ್ಲ ದಾನ ಮಾಡಾಕೆ ಅಪ್ಪಯ್ಯ ನಿನ್ನ ಓದುಸ್ದ್ರಾ? ನನ್ನ ಬುಡ್ಸಿ ನಿನ್ನ ಓದುಸ್ದ್ರಲ್ಲ, ಅವತ್ತೇ ನಿಂಗೆ ಬುದ್ಧಿ ಬರಾಕಿಲ್ಲ ಅಂತ ಗೊತ್ತಾಗಿದ್ರೆ ನಾನೇ ಓದ್ತಿದ್ದೆ!”

ಸಜ್ಜನರಾದ ಕಾರ್ಯದರ್ಶಿಗಳು ಹೆದರಿ, ಶಾಲೆಯದೇ ಹಾಸ್ಟೆಲಿನ ಅಡುಗೆಮನೆಯಿಂದ ಅವಳಿಗೆ ಕಾಫಿ ತರಿಸಿದರು. ಒಂದು ಗುಟುಕು ಬಾಯಿಗೆ ಹಾಕಿದವಳು ಲೋಟ ಕೆಳಗಿಟ್ಟಳು. ಸಿಟ್ಟಿಗೆ ಬೇರೊಂದು ಗುರಿ ಸಿಕ್ಕಿತ್ತು.

“ಇದೇನ್ ಸ್ವಾಮಿ, ಆಲಾ? ಇದ್ನೇ ಆಸ್ಟೆಲ್ ಮಕ್ಕಳ್ಗೆ ಕುಡುಸ್ತೀರಾ? ನಮ್ಮಟ್ಟೀಲಿ ಕರ ಮೂಸಿ ನೋಡಾಕಿಲ್ಲ ಇದ್ನ!”

“ಏನು ಮಾಡೋದಮ್ಮ, ಪೇಟೇಲಿ ಸಿಗೋದೇ ಇಷ್ಟು.”

“ಅಕ್ಕಿಹೆಬ್ಬಾಳ್ನಿಂದ ಬೆಳಿಗ್ಗೆ ಬಸ್ಸಿಲ್ವಾ? ದಿನಾ ಕ್ಯಾನ್ ಏರ್ಸಿ ಕಳುಸ್ತೀನಿ, ಗಟ್ಟಿ ಆಲು. ಉಳಿದರ್ಧ ಫೀಜ್ನ ಅದ್ರಲ್ಲಿ ವಜಾ ಮಾಡ್ಕೊಳ್ಳಿ. ಕ್ಯಾನ್ ಜತೆಗೇ ಮಗ್ಳೂ ಬತ್ತಳೆ.”

ಕಾರ್ಯದರ್ಶಿಗಳು ನನ್ನ ಮುಖ ನೋಡಿದರು. ನಾನು ಲೋಟದೊಳಗಿನ ದ್ರವವನ್ನು ನೋಡಿದೆ. ವ್ಯವಹಾರ ಅಲ್ಲೇ ಕುದುರಿತು. ಹೆಂಡತಿಯ ಅಣ್ಣನ ಹಂಗಿಲ್ಲದ, ತನ್ನ ಹಟ್ಟಿಯ ಹಾಲಿಗೆ ಸಲ್ಲುವ ಬೆಲೆಯಾದ್ದರಿಂದ ಶಿವಣ್ಣನ ಮೀಸೆಯೂ ಮಣ್ಣಾಗಲಿಲ್ಲ. ಜೂನ್ ತಿಂಗಳಲ್ಲಿ ಸವಿತ, ಹಾಲಿನ ಕ್ಯಾನಿನ ಪಕ್ಕದಲ್ಲಿ ಚೀಲ ಹಿಡಿದು ಕೂತು, ಶಾಲೆಗೆ ಬಂದಳು.

ಆದರೆ ಜಯಮ್ಮ ನನ್ನೊಡನೆ ಮಾತು ಬಿಟ್ಟಳು. ಗೌರಿಹಬ್ಬಕ್ಕೆ ಬಾಗಿನ ಕೊಡಲು ಹೋದರೆ, ಇಸಿದುಕೊಂಡು ಒಳಗೆ ಹೋದವಳು ಹೊರಗೆ ಬರಲಿಲ್ಲ. ಹಾಲು ಪ್ರತಿದಿನ ನಮ್ಮ ಬೀದಿಯಲ್ಲೇ ಹಾದುಹೋಗುತ್ತಿತ್ತು. ಅದುವರೆಗೆ ಅವಳ ಹಟ್ಟಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಬೆಣ್ಣೆ ಮಾತ್ರ ನಮ್ಮ ಮನೆಯ ದಾರಿಯನ್ನೇ ಮರೆಯಿತು. ನನ್ನ ದಾನದಿಂದ ನನಗೆ ಉಳಿದ ತೆರಿಗೆ ನಾಗಮಂಗಲದ ಬಸ್ ಚಾರ್ಜಿಗೂ ಸಾಲದಾಯಿತು. ದಾನದ ಅರ್ಧಕ್ಕೆ ವಿನಾಯಿತಿ ಕೊಡುವ ಕಾನೂನು, ತಂಗಿಯ ಸಿಟ್ಟಿನಲ್ಲಿ ಕಾಲುಭಾಗವನ್ನೂ ಕೊಡಿಸಲಾರದಲ್ಲ ಎಂದು ಗೊಣಗಿಕೊಂಡು ಇದ್ದೆ. ಕೊಟ್ಟದ್ದರ ನಿಜವಾದ ಭಾಗ ಯಾವುದೆಂದರೆ, ಯಾವ ರಶೀದಿಯೂ ವಾಪಸು ತಂದುಕೊಡದ ಆ ಭಾಗವೇ ಇರಬೇಕೆಂದು ಆಗೀಗ ಅನ್ನಿಸುತ್ತಿತ್ತು. ಅನ್ನಿಸಿದೊಡನೆ ಮತ್ತೆ ಸಿಟ್ಟೂ ಬರುತ್ತಿತ್ತು.

ಚಳಿಗಾಲದಲ್ಲಿ ಶಾಲೆಯ ವಾರ್ಷಿಕೋತ್ಸವ. ಮೈಸೂರಿನಿಂದ ಬಂದಿದ್ದ ಅತಿಥಿಗಳೊಬ್ಬರು ವೇದಿಕೆಯ ಮೇಲೆ ನಸೀಮಳಿಗೆ ವಿದ್ಯಾರ್ಥಿವೇತನದ ಪತ್ರ ಕೊಟ್ಟು, ಫೋಟೊಗೆ ನಿಂತು, ವಿದ್ಯೆಯ ಬಗ್ಗೆ ಸುದೀರ್ಘವಾಗಿ ಮಾತಾಡಿದರು. ಪೆಂಡಾಲಿನಲ್ಲಿ ನನ್ನ ಎಡಕ್ಕೆ ಇಸ್ತ್ರಿಯ ಅಂಗಿ ತೊಟ್ಟ ಅನ್ವರ್ ಕೂತಿದ್ದ. ಬೇರೆಲ್ಲೂ ಜಾಗ ಸಿಗದೆ, ನನ್ನನ್ನು ನೋಡದಂತೆ ನೋಡಿಕೊಂಡು, ಬಲಕ್ಕೆ ಜಯಮ್ಮ. ಅನ್ವರ್ ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ಬಾಗಿ ಕೇಳಿದ: “ಫೀಜು ಕೊಟ್ಟಿದ್ದು ಅವ್ರೇನಾ ಸಾಬ್? ಎಂಥಾ ದೊಡ್ಡ ದಿಲ್ ನೋಡಿ. ಅಲ್ಲಾ ಅವ್ರ್ಗೆ ಬರಕತ್ ಕೊಡ್ಲಿ.”

ತಿದ್ದುವುದೋ ಸುಮ್ಮನಿರುವುದೋ ಎಂದು ನಾನು ತಡವರಿಸುತ್ತಿದ್ದೆ. ಅಷ್ಟರಲ್ಲಿ ನನ್ನನ್ನು ದಾಟಿ ಒಂದು ಕೈ ಅನ್ವರನ ಕಡೆಗೆ ಚಾಚಿಕೊಂಡಿತು.

“ಅವ್ರ್ಯಾಕ್ ಕೊಡ್ತಾರಣ್ಣ, ಇವತ್ತು ಬಂದೋರು. ಕೊಟ್ಟೋರೆಲ್ಲ ಇಲ್ಲಿನ್ ಮೇಷ್ಟ್ರುಗ್ಳು. ಊರೂರು ಅಲ್ದಿದ್ದು ಇವ್ನು, ನಮ್ಮಣ್ಣ. ತಂಗಿ ಮಗ್ಳಿಗೆ ಅಂತ ಒಂಟು, ನಿನ್ ಮಗ್ಳಿಗೆ ಕೊಡುಸ್ಕೊಂಡ್ ಬಂದವ್ನೆ. ದಡ್ಡ ನನ್ಮಗ,” ಎಂದು ಜಯಮ್ಮ ಹೇಳಿದಳು. ಆಮೇಲೆ, ಎಷ್ಟೋ ತಿಂಗಳ ನಂತರ ಮೊದಲ ಸಲ, ನನ್ನ ಕಡೆ ತಿರುಗಿದಳು. “ನಾಳೆ ಮನೇಲಿರು. ಬೆಣ್ಣೆ ಕಳುಸ್ತೀನಿ.”