ಅವ್ವನ ಕಿವಿಗೆ ತಂಗಿಯ ದನಿ

ಅವ್ವನಿಗೆ ನ್ಯುಮೋನಿಯಾ ಜೋರಾಗಿ, ರಾಯದುರ್ಗದ ಆಸ್ಪತ್ರೆಯಿಂದ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಐಸಿಯುನಲ್ಲಿ ಬಾಯಿಗೆ ಪೈಪು ಹಾಕಿ, ಔಷಧಿ ಕೊಟ್ಟು ಮಲಗಿಸಿದ್ದರು. ಮೂರನೆಯ ದಿನ ಒಬ್ಬ ಸಿಸ್ಟರ್ ಕಾಗದ ಹಿಡಿದು ಬಂದರು. ಅವರದು ಸಂಶೋಧನೆಯ ಕೆಲಸ. ಇಂಥ ರೋಗಿಗಳು ಎಚ್ಚರಾಗುವಾಗ ದಿಕ್ಕು ತಪ್ಪಿ ಬಡಬಡಿಸುತ್ತಾರಂತೆ. ಮನೆಯವರ ದನಿ ರೆಕಾರ್ಡ್ ಮಾಡಿ ಕಿವಿಗೆ ಕೇಳಿಸಿದರೆ ಅದು ಕಡಿಮೆಯಾಗುತ್ತದೋ ಎಂದು ನೋಡುತ್ತಿದ್ದರು. ಒಬ್ಬರದೇ ದನಿ ಸಾಕು, ಪೇಷೆಂಟಿಗೆ ಬಹಳ ಇಷ್ಟದವರದು ಎಂದರು.

"ಸಣ್ಣಾಕಿದು ತಗೊಳ್ರಿ," ಅಂದ ಅಪ್ಪ. ಒಂದು ಗಳಿಗೆ ಯೋಚಿಸಲೂ ಇಲ್ಲ.

ನಾನು ಪಕ್ಕದಲ್ಲೇ ನಿಂತಿದ್ದೆ. ಬೊಮ್ಮನಹಾಳಿನಲ್ಲಿ ಅವ್ವನ ಮನೆಯಿಂದ ಎರಡು ಬಾಗಿಲು ಆಚೆ ಸಂಸಾರ ಮಾಡುತ್ತಿರುವವಳು ನಾನು. ತಲೆಗೆ ನೀರು ಹಾಕುವವಳು, ಬೈದು ಬೈದು ಮಾತ್ರೆ ನುಂಗಿಸುವವಳು ನಾನು. ತಂಗಿ ಇರುವುದು ದೂರದ ಅಗಳಿಯಲ್ಲಿ. ವರ್ಷಕ್ಕೆರಡು ಸಲ ಬಸ್ಸಿಳಿದು, ಅತ್ತೆಮನೆಯಲ್ಲಿ ಕಲಿತ ಹಾಗೆ 'ಅಮ್ಮಾ' ಎಂದು ರಾಗ ಎಳೆದರೆ ಸಾಕು, ಅವ್ವ ಕರಗಿ ನೀರಾಗುತ್ತಾಳೆ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು.

ಅವ್ವನನ್ನು ನೋಡಲು ಬಂದಿದ್ದ ಅವಳು ಸಿಸ್ಟರ್ ಫೋನಿನಲ್ಲಿ ರೆಕಾರ್ಡ್ ಮಾಡಿಸಿದ್ದನ್ನು ನಾನೂ ಕೇಳಿಸಿಕೊಂಡೆ: "ಅಮ್ಮ, ನೀನು ಆಸ್ಪತ್ರೇಲಿದೀಯ. ಹೆದರ್ಕಬೇಡ. ನಾನು ಇಲ್ಲೇ ಇದೀನಿ." ಇಲ್ಲೇ ಇದೀನಿ ಎಂದವಳು ಮಧ್ಯಾಹ್ನದ ಬಸ್ಸಿಗೆ ಅಗಳಿಗೆ ಹೋದಳು. ಮಕ್ಕಳಿಗೆ ಪರೀಕ್ಷೆಯಂತೆ.

ನನ್ನನ್ನು ಒಳಗೆ ಬಿಡುತ್ತಿದ್ದುದು ದಿನಕ್ಕೆ ಹತ್ತು ನಿಮಿಷ. ರೆಕಾರ್ಡ್ ಹಾಕಿದಾಗ ನಡುವೆ ಮಾತಾಡಬಾರದು ಎಂದಿದ್ದರು. ನನ್ನ ಹತ್ತು ನಿಮಿಷ ಸರಿಯಾಗಿ ಆಗಲೇ ಬರುತ್ತಿತ್ತು. ಒಂದು ದಿನ ಬಾಯಿ ಮುಚ್ಚಿಕೊಂಡು ಅವ್ವನ ಕಾಲೊತ್ತುತ್ತಾ ಅಂದುಕೊಂಡೆ: ಇವಳ ದನಿಗೆ ಮಾತ್ರ ಅವ್ವ ಕಣ್ಣು ಬಿಡಬಾರದು. ಮರುಗಳಿಗೆಯೇ ಅನಿಸಿತು: ಕಣ್ಣೇ ಬಿಡದೆ ಹೋದರೆ? ಗಲ್ಲ ಗಲ್ಲ ಬಡಿದುಕೊಂಡು ಹೊರಗೆ ಬಂದೆ.

ಪೈಪು ತೆಗೆದ ಮರುದಿನ ಅವ್ವ ಮಾತಾಡಿದಳು. ಸಿಸ್ಟರ್ ಅದೇ ಕಾಗದ ತಂದು, ಮಲಗಿದ್ದಾಗ ಯಾರ ದನಿಯಾದರೂ ಕೇಳಿಸಿತೇ ಎಂದು ವಿಚಾರಿಸಿದರು. ಸಣ್ಣವಳದು ಕೇಳಿಸಿತು ಎಂದಳು ಅವ್ವ. ನಾನು ಗೋಡೆಯ ಕಡೆ ತಿರುಗಿದೆ.

"ಇಲ್ಲೇ ಇದೀನಿ ಅಂತಿದ್ಲು. ನಾ ನಂಬ್ಲಿಲ್ರಿ," ಎಂದು ಅವ್ವ ಉಸಿರು ತೆಗೆದುಕೊಂಡಳು. "ದೊಡ್ಡಾಕಿ ಬೈಯೋದು ಕೇಳ್ಲೇ ಇಲ್ಲಲ್ರಿ. ಸತ್ತೇ ಹೋಗೀನಿ ಅನಕಂಡೆ."

ಸಣ್ಣವಳ ದನಿಗೆ ಸಿಸ್ಟರ್ ಟಿಕ್ ಹಾಕಿದರು. ಎರಡನೆಯ ಮಾತಿಗೆ ಆ ಕಾಗದದಲ್ಲಿ ಜಾಗವೇ ಇರಲಿಲ್ಲ.

"ಅದನ್ನೂ ಬರ್ಕೊಳ್ರಿ ಸಿಸ್ಟರ್," ಎಂದೆ. ದನಿ ಎಂದಿನಂತೆ ಜೋರಾಯಿತು. ಅವ್ವ ನಕ್ಕಳು.